ದೆಹಲಿಯ ದುಡ್ಡು, ದುರ್ಗದ ಠಾಣೆ



ನಿಮಗೆ ಹತ್ತಿರದ ಪೊಲೀಸ್ ಠಾಣೆಯೊಂದನ್ನು ನೆನೆಸಿಕೊಳ್ಳಿ. ಹಿರಿಯೂರು ಕಡೆಯವರಿಗೆ ಐಮಂಗಲದ ಠಾಣೆಯೋ ಅಬ್ಬಿನಹೊಳೆಯದ್ದೋ ನೆನಪಾಗಬಹುದು. ಹೊಸದುರ್ಗದವರಿಗೆ ಶ್ರೀರಾಂಪುರದ್ದು. ಹೊಳಲ್ಕೆರೆಯವರಿಗೆ ಚಿಕ್ಕಜಾಜೂರಿನದ್ದು. ಅಂಗಳದಲ್ಲಿ ಒಂದು ವಾಹನ. ಒಳಗೆ ಕಂಪ್ಯೂಟರ್. ಒಂದು ಪಕ್ಕಕ್ಕೆ ಹೆಂಗಸರ ದೂರು ಕೇಳುವ ಮೇಜು. ಗೋಡೆಯ ಮೇಲೆ 112 ಎಂದು ದಪ್ಪಕ್ಷರದಲ್ಲಿ ಬರೆದ ಫಲಕ. ಬಾಗಿಲ ಬಳಿ ಕಾವಲಿಗೆ ನಿಂತ ಒಬ್ಬ ಕಾನ್‌ಸ್ಟೇಬಲ್.

ಇದೆಲ್ಲ ಯಾರ ದುಡ್ಡು? ಸರ್ಕಾರದ್ದು ಅಂತೀರಿ. ನಿಜ. ಆದರೆ ಯಾವ ಸರ್ಕಾರದ್ದು? ಕಾನ್‌ಸ್ಟೇಬಲ್ ಸಂಬಳ ಬರುವುದು ಬೆಂಗಳೂರಿನಿಂದ. ಕಂಪ್ಯೂಟರಿನ ಹಿಂದಿರುವ ದೇಶವ್ಯಾಪಿ ಜಾಲಕ್ಕೆ ಹಣ ಬಂದದ್ದು ದೆಹಲಿಯಿಂದ. ಹೆಂಗಸರ ಮೇಜಿಗೂ ದೆಹಲಿಯ ದುಡ್ಡಿದೆ. 112ಕ್ಕೂ ಇದೆ. ಪೊಲೀಸರಿಗೆ, ಕೋರ್ಟುಗಳಿಗೆ, ಜೈಲುಗಳಿಗೆ ಕೇಂದ್ರ ಸರ್ಕಾರ ಕೊಡುವ ಈ ಅನುದಾನ ನಮ್ಮ ಚಿತ್ರದುರ್ಗ ಜಿಲ್ಲೆಗೆ ಹೇಗೆ ಬರುತ್ತದೆ, ಬಂದ ಮೇಲೆ ಅದರ ಭಾರ ಹೊರುವವರು ಯಾರು, ಇವತ್ತಿನ ಮಾತು ಅಷ್ಟಕ್ಕೇ.

ಮೊದಲು ಒಂದು ಮೂಲ ಸಂಗತಿ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಮೂರು ಪಟ್ಟಿಗಳಿವೆ. ಪೊಲೀಸ್, ಸಾರ್ವಜನಿಕ ಶಾಂತಿ, ಜೈಲು, ಈ ಮೂರೂ ರಾಜ್ಯದ ಪಟ್ಟಿಯಲ್ಲಿವೆ. ಅಂದರೆ ಚಿತ್ರದುರ್ಗದ ಕೋಟೆ ಠಾಣೆಯ ಪಿಎಸ್‌ಐ ಅವರನ್ನು ನೇಮಿಸುವುದಕ್ಕೂ ವರ್ಗ ಮಾಡುವುದಕ್ಕೂ ದೆಹಲಿಗೆ ಅಧಿಕಾರವಿಲ್ಲ. ಕೋರ್ಟುಗಳ ಆಡಳಿತ ಕೂಡ ಮೊದಲು ರಾಜ್ಯದ್ದೇ ಆಗಿತ್ತು. 1976ರ 42ನೇ ತಿದ್ದುಪಡಿ ಅದನ್ನು ಇಬ್ಬರಿಗೂ ಸೇರಿದ ಪಟ್ಟಿಗೆ ಹಾಕಿತು. ನಮ್ಮ ಪೊಲೀಸರು ಇವತ್ತಿಗೂ ನಡೆಯುತ್ತಿರುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಪ್ರಕಾರ. ಆಗ ಮುಖ್ಯಮಂತ್ರಿಯಾಗಿದ್ದವರು ಚಿತ್ರದುರ್ಗದಲ್ಲೇ ವಕೀಲಿ ಮಾಡಿದ್ದ ಎಸ್. ನಿಜಲಿಂಗಪ್ಪನವರು.

ಅದಕ್ಕೂ ಹಿಂದೆ ಹೋದರೆ ಲೆಕ್ಕ ಇನ್ನೂ ಸರಳ. ಹಳ್ಳಿಯ ಕಾವಲು ತಳವಾರನದು. ಅವನಿಗೆ ತಿಂಗಳ ಸಂಬಳ ಎಂಬುದಿರಲಿಲ್ಲ. ಇನಾಮು ಜಮೀನು ಇರುತ್ತಿತ್ತು, ಸುಗ್ಗಿಯಲ್ಲಿ ಕಣದಿಂದ ಆಯ ಸಿಗುತ್ತಿತ್ತು. ಊರ ಕಾವಲಿಗೆ ಊರೇ ಕೊಡುತ್ತಿತ್ತು. ಮಳೆ ಕೈಕೊಟ್ಟ ವರ್ಷ ಅವನ ಆಯವೂ ಕೈಕೊಡುತ್ತಿತ್ತು. ಆ ಕಾಲ ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಆ ಚಾಕರಿ ಹುಟ್ಟಿನಿಂದ ಅಂಟಿಕೊಳ್ಳುತ್ತಿತ್ತು, ಬಿಡಿಸಿಕೊಳ್ಳುವುದು ಕಷ್ಟವಿತ್ತು. 1961ರ ಕಾಯ್ದೆಯೊಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಕಾವಲು ಪೂರ್ತಿಯಾಗಿ ರಾಜ್ಯದ ಕೈಗೆ ಬಂತು.

ಹಾಗಿದ್ದರೆ ಕೇಂದ್ರ ಯಾಕೆ ದುಡ್ಡು ಕೊಡಬೇಕು? ಕೊಡಲು ಅವಕಾಶವಂತೂ ಇದೆ. ಸಂವಿಧಾನದ 282ನೇ ವಿಧಿ ಹೀಗೆ ಹೇಳುತ್ತದೆ: ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಕೇಂದ್ರ ಅನುದಾನ ಕೊಡಬಹುದು, ಆ ವಿಷಯ ತನ್ನ ಪಟ್ಟಿಯಲ್ಲಿ ಇಲ್ಲದಿದ್ದರೂ ಸರಿ. ಈ ಬಾಗಿಲಿನಿಂದಲೇ 1969-70ರಲ್ಲಿ ರಾಜ್ಯ ಪೊಲೀಸ್ ಪಡೆಗಳ ಆಧುನೀಕರಣ ಯೋಜನೆ ಒಳಗೆ ಬಂತು. ಶಸ್ತ್ರ, ವೈರ್‌ಲೆಸ್, ವಾಹನ, ಪ್ರಯೋಗಾಲಯ, ತರಬೇತಿ, ಇಂಥವಕ್ಕೆ ನೆರವು.

ಅದೇ ಹೊತ್ತಿಗೆ, ಅಂದರೆ 1968ರಲ್ಲಿ, ಅಮೆರಿಕವೂ ಒಂದು ಕಾನೂನು ಮಾಡಿ ಸ್ಥಳೀಯ ಪೊಲೀಸರಿಗೆ ಹಣ ಹಂಚಲು ಶುರುಮಾಡಿತು. ಅಲ್ಲಿ ಊರಿಗೊಂದು ಪೊಲೀಸ್ ಇಲಾಖೆ. ಇಡೀ ದೇಶದಲ್ಲಿ ಇಂಥವು ಸುಮಾರು 18,000 ಇವೆ. ಅಲ್ಲಿನ ಚಿಕ್ಕ ಊರಿನ ಪೊಲೀಸ್ ಮುಖ್ಯಸ್ಥ ನೇರವಾಗಿ ರಾಜಧಾನಿಗೆ ಅರ್ಜಿ ಹಾಕಬಹುದು. ಹೊಳಲ್ಕೆರೆ ಠಾಣೆ ಹಾಗೆ ಮಾಡುವಂತಿಲ್ಲ. ಅದು ಎಸ್‌ಪಿ ಕಚೇರಿಗೆ ಬರೆಯಬೇಕು. ಎಸ್‌ಪಿ ಕಚೇರಿ ಬೆಂಗಳೂರಿಗೆ ಬರೆಯಬೇಕು. ಬೆಂಗಳೂರು ದೆಹಲಿಗೆ.

ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. 1994ರ ನಂತರ ಅಮೆರಿಕ ಪೊಲೀಸರ ಸಂಬಳಕ್ಕೇ ಅನುದಾನ ಕೊಟ್ಟಿತು. ಮೂರು ವರ್ಷ, ಮುಕ್ಕಾಲು ಪಾಲಿನವರೆಗೆ. ಆಮೇಲೆ ಊರು ನೋಡಿಕೊಳ್ಳಬೇಕು. ನಮ್ಮ ಆಧುನೀಕರಣದ ಹಣ ಹಾಗಲ್ಲ. ಅದು ವಸ್ತು ಕೊಡುತ್ತದೆ, ಆಳು ಕೊಡುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಪೊಲೀಸ್ ರಾಜ್ಯದ್ದು. ಆದರೂ ಸುಮಾರು ಐವತ್ತೈದು ವರ್ಷದಿಂದ ಕೇಂದ್ರದ ನೆರವು ಬರುತ್ತಿದೆ. ಅದು ಹೆಚ್ಚಾಗಿ ವಸ್ತುವಿನ ರೂಪದಲ್ಲಿ ಬರುತ್ತದೆ. ಈಗ ಆ ಹಣ ನಡೆದು ಬರುವ ದಾರಿ ನೋಡೋಣ.

ದಾರಿ ಉದ್ದವಾಗಿದೆ. ರಾಜ್ಯದ ಪೊಲೀಸ್ ಇಲಾಖೆ ಪ್ರತಿ ವರ್ಷ ಒಂದು ಕ್ರಿಯಾ ಯೋಜನೆ ಮಾಡುತ್ತದೆ. ಕೇಂದ್ರ ಗೃಹ ಇಲಾಖೆ ಅದನ್ನು ನೋಡಿ ಒಪ್ಪುತ್ತದೆ. ನೂರು ರೂಪಾಯಿಯ ಕೆಲಸಕ್ಕೆ ಕೇಂದ್ರ 60 ಕೊಟ್ಟರೆ ಕರ್ನಾಟಕ 40 ಹಾಕಬೇಕು. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಾದರೆ 90ಕ್ಕೆ 10. ನಮ್ಮ 40 ಬಜೆಟ್ಟಿನಲ್ಲಿ ಇರಬೇಕು, ಇದ್ದರಷ್ಟೇ ಸಾಲದು, ಬಿಡುಗಡೆಯೂ ಆಗಬೇಕು. ಖರ್ಚಾದ ಮೇಲೆ ಬಳಕೆ ಪ್ರಮಾಣಪತ್ರ ಕಳಿಸಬೇಕು. ಕಚೇರಿಗಳಲ್ಲಿ ಇದನ್ನು ಯುಸಿ ಅನ್ನುತ್ತಾರೆ. ಯುಸಿ ಹೋಗದಿದ್ದರೆ ಮುಂದಿನ ಕಂತು ಬರುವುದಿಲ್ಲ. ಸರ್ಕಾರಿ ಕಚೇರಿಯಲ್ಲಿ ಮಾರ್ಚ್ ತಿಂಗಳು ಕಳೆದವರಿಗೆ ಇದರ ಬಿಸಿ ಗೊತ್ತು. ಹಣ ಜನವರಿಯಲ್ಲಿ ಬರುತ್ತದೆ, ಖರ್ಚು ಮಾರ್ಚ್ ಕೊನೆಗೆ ಮುಗಿಯಬೇಕು. ಅಷ್ಟರಲ್ಲಿ ಟೆಂಡರು ಕರೆಯಬೇಕು, ಸರಕು ಬರಬೇಕು, ಬಿಲ್ಲು ಖಜಾನೆ ದಾಟಬೇಕು. ಆತುರದಲ್ಲಿ ಕೊಂಡದ್ದು ಬೇಕಾದ್ದೇ ಆಗಿರುತ್ತದೆ ಎಂಬ ಖಾತರಿಯಿಲ್ಲ.

ಹಣ ಎಷ್ಟು? 2021ರಿಂದ 2026ರವರೆಗಿನ ಐದು ಹಣಕಾಸು ವರ್ಷಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು ಸುಮಾರು 26,000 ಕೋಟಿ. ಕೇಳಲು ದೊಡ್ಡದು. ಆದರೆ ಅದರಲ್ಲಿ ಹೆಚ್ಚುಕಡಿಮೆ 19,000 ಕೋಟಿ ಜಮ್ಮು ಕಾಶ್ಮೀರಕ್ಕೆ, ಈಶಾನ್ಯದ ಬಂಡಾಯ ಪ್ರದೇಶಗಳಿಗೆ, ನಕ್ಸಲ್ ಪ್ರದೇಶಗಳಿಗೆ. ಉಳಿದ ರಾಜ್ಯಗಳಿಗೂ ಸಿಗುವ ಸಾಮಾನ್ಯ ಪೊಲೀಸ್ ಆಧುನೀಕರಣಕ್ಕೆ ಇಟ್ಟದ್ದು ಸುಮಾರು 4,800 ಕೋಟಿ. ವರ್ಷಕ್ಕೆ ಸಾವಿರ ಕೋಟಿಯೂ ಆಗಲಿಲ್ಲ. ದೇಶದಲ್ಲಿ ಪೊಲೀಸ್ ಠಾಣೆಗಳು ಹದಿನೇಳು ಸಾವಿರದ ಮೇಲಿವೆ. ಸುಮ್ಮನೆ ಸಮನಾಗಿ ಹಂಚಿದೆವು ಅಂದುಕೊಳ್ಳಿ. ಒಂದು ಠಾಣೆಗೆ ವರ್ಷಕ್ಕೆ ಐದೂವರೆ ಲಕ್ಷ. ಒಂದು ಹೊಸ ಜೀಪೂ ಬರುವುದಿಲ್ಲ. ಹೀಗೆ ಯಾರೂ ಹಂಚುವುದಿಲ್ಲ, ಒಪ್ಪುತ್ತೇನೆ. ಆದರೆ ಪತ್ರಿಕೆಯಲ್ಲಿ ಸಾವಿರ ಸಾವಿರ ಕೋಟಿಯ ಸುದ್ದಿ ಓದಿದಾಗ ಈ ಭಾಗಾಕಾರ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಘೋಷಣೆ ಬೇರೆ, ಬಿಡುಗಡೆ ಬೇರೆ. ಇದನ್ನು ಚಿತ್ರದುರ್ಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಕೇಂದ್ರ ಬಜೆಟ್ಟಿನಲ್ಲಿ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಎಂದು ಕೇಳಿದ ದಿನ ನಮ್ಮಲ್ಲಿ ಎಷ್ಟು ಸಂಭ್ರಮವಿತ್ತು! ಆಮೇಲೆ ಆ ಹಣಕ್ಕಾಗಿ ಎಷ್ಟು ಧರಣಿ, ಎಷ್ಟು ಮನವಿ ಪತ್ರ! ನೀರಿನ ವಿಷಯ ಇನ್ನೊಂದು ದಿನಕ್ಕಿರಲಿ.

2015ರಲ್ಲಿ ಇದೇ ದಾರಿಯಲ್ಲಿ ಒಂದು ತಿರುವು ಬಂತು. 14ನೇ ಹಣಕಾಸು ಆಯೋಗ ರಾಜ್ಯಗಳ ತೆರಿಗೆ ಪಾಲನ್ನು ನೂರಕ್ಕೆ 32ರಿಂದ 42ಕ್ಕೆ ಏರಿಸಿತು. ಕೇಂದ್ರ ಆ ವರ್ಷದ ಬಜೆಟ್ಟಿನಲ್ಲಿ, ಇನ್ನು ನಾವು ನೆರವು ಕೊಡುವುದಿಲ್ಲ ಎಂಬ ಯೋಜನೆಗಳ ಒಂದು ಪಟ್ಟಿ ಕೊಟ್ಟಿತು. ಪೊಲೀಸ್ ಆಧುನೀಕರಣದ ಹೆಸರೂ ಅದರಲ್ಲಿತ್ತು. ಪಾಲು ಹೆಚ್ಚು ಕೊಟ್ಟಿದ್ದೇವೆ, ನೀವೇ ಮಾಡಿಕೊಳ್ಳಿ ಎಂಬ ಮಾತು. ಮಾತಿನಲ್ಲಿ ನ್ಯಾಯವಿದೆ. ಆದರೆ 2017ರಲ್ಲಿ ಅದೇ ಯೋಜನೆ ಇನ್ನೂ ದೊಡ್ಡ ಯೋಜನೆಯೊಂದರ ಒಳಗೆ ಸೇರಿ ಮತ್ತೆ ಎದ್ದು ಬಂತು. 15ನೇ ಆಯೋಗ ಬಂದಾಗ ರಾಜ್ಯಗಳಿಗೆ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.7ರಿಂದ 3.6ರ ಆಸುಪಾಸಿಗೆ ಇಳಿಯಿತು. ಪಾಲು ಎಂದರೆ ರಾಜ್ಯ ತನ್ನಿಚ್ಛೆಯಂತೆ ಖರ್ಚು ಮಾಡಬಹುದಾದ ಹಣ. ಅನುದಾನ ಎಂದರೆ ಕೊಟ್ಟವರು ಹೇಳಿದಂತೆ ಖರ್ಚು ಮಾಡಬೇಕಾದ ಹಣ. ಒಂದು ಇಳಿದು ಇನ್ನೊಂದು ಏರಿದರೆ ತೀರ್ಮಾನ ಮಾಡುವ ಜಾಗ ಬದಲಾಗುತ್ತದೆ. ಶ್ರೀರಾಂಪುರದ ಠಾಣೆಗೆ ವೈರ್‌ಲೆಸ್ ಬೇಕೋ ವಸತಿಗೃಹ ಬೇಕೋ ಎಂಬುದನ್ನು ಶ್ರೀರಾಂಪುರ ಅಂತೂ ತೀರ್ಮಾನಿಸುವುದಿಲ್ಲ.

ಮತ್ತೊಮ್ಮೆ ಕೂಡಿಸಿಕೊಳ್ಳೋಣ. ಕೇಂದ್ರದ 60, ರಾಜ್ಯದ 40. ಮೊತ್ತ ಹೆಸರಿಗೆ ದೊಡ್ಡದು, ಪಾಲಿಗೆ ಬಂದಾಗ ಚಿಕ್ಕದು. ಬರುವುದು ತಡ, ಕೆಲವೊಮ್ಮೆ ಅನಿಶ್ಚಿತ. ಈಗ ಠಾಣೆಯ ಒಳಗೆ ಹೋಗಿ ಬಂದ ವಸ್ತುಗಳನ್ನು ನೋಡೋಣ.

ಮೊದಲು ಕಂಪ್ಯೂಟರ್. 2008ರ ಮುಂಬೈ ದಾಳಿಯ ನಂತರ ದೇಶದ ಎಲ್ಲ ಠಾಣೆಗಳನ್ನೂ ಒಂದೇ ಜಾಲಕ್ಕೆ ತರಬೇಕೆಂಬ ಒತ್ತಡ ಹೆಚ್ಚಿತು. 2009ರಲ್ಲಿ ಸಿಸಿಟಿಎನ್‌ಎಸ್ ಎಂಬ ಯೋಜನೆಗೆ 2,000 ಕೋಟಿ ಮಂಜೂರಾಯಿತು. ಕರ್ನಾಟಕ ಪೊಲೀಸರು ತಮ್ಮದೇ 'ಪೊಲೀಸ್ ಐಟಿ' ವ್ಯವಸ್ಥೆಯನ್ನು ಕಟ್ಟಿಕೊಂಡು ಅದನ್ನು ಆ ಜಾಲಕ್ಕೆ ಜೋಡಿಸಿದರು. ಹಿರಿಯೂರಿನಲ್ಲಿ ಸಿಕ್ಕ ಕಳ್ಳನ ಹೆಸರು ಬೇರೆ ರಾಜ್ಯದ ದಾಖಲೆಯಲ್ಲಿ ಇದೆಯೋ ಎಂದು ನೋಡಲು ಈಗ ಕಾಗದ ಬರೆದು ಕಾಯಬೇಕಾಗಿಲ್ಲ. ಪುಣೆ ಬೆಂಗಳೂರು ಹೆದ್ದಾರಿ ಪಕ್ಕದಲ್ಲೇ ಹರಿಯುವ ಊರಿಗೆ ಇದು ಸಣ್ಣ ಅನುಕೂಲವಲ್ಲ. ಕಳ್ಳ ಒಂದು ರಾತ್ರಿಯಲ್ಲಿ ಎರಡು ರಾಜ್ಯ ದಾಟುವ ರಸ್ತೆ ಅದು.

ಆಮೇಲೆ 112. ದೆಹಲಿಯ 2012ರ ಘೋರ ಸಾಮೂಹಿಕ ಅತ್ಯಾಚಾರ ಪ್ರಕರಣದ ನಂತರ, 2013ರಲ್ಲಿ ನಿರ್ಭಯಾ ನಿಧಿ ಹುಟ್ಟಿತು. ಮೊದಲ ಕಂತು 1,000 ಕೋಟಿ. ದೇಶಕ್ಕೆಲ್ಲ ಒಂದೇ ತುರ್ತು ಸಂಖ್ಯೆ ತರಲು ಆ ನಿಧಿಯಿಂದ ಸುಮಾರು 320 ಕೋಟಿ ಕೊಟ್ಟರು. ಕರ್ನಾಟಕದಲ್ಲಿ 2019ರಿಂದ 112 ಇದೆ. ನೀವು ಕರೆ ಮಾಡುತ್ತೀರಿ. ಕರೆ ಬೆಂಗಳೂರಿನ ಕೇಂದ್ರಕ್ಕೆ ಹೋಗುತ್ತದೆ. ಅಲ್ಲಿಂದ ನಿಮ್ಮ ಸಮೀಪದ ಗಸ್ತು ವಾಹನಕ್ಕೆ ಸೂಚನೆ ಬರುತ್ತದೆ.

ಮೂರನೆಯದು ಹೆಂಗಸರ ಮೇಜು. ಅದೇ ನಿಧಿಯಿಂದ ದೇಶದ 10,000 ಠಾಣೆಗಳಿಗೆ ತಲಾ ಒಂದು ಲಕ್ಷ. ಒಂದು ಮೇಜು, ಕುರ್ಚಿಗಳು, ಫೋನು, ಮರೆಗೆ ಒಂದು ಅಡ್ಡಗೋಡೆ, ಕಾನೂನು ನೆರವಿನ ಮಾಹಿತಿ. ಒಂದು ಲಕ್ಷದಲ್ಲಿ ಇಷ್ಟು ಆಗುತ್ತದೆ. ಆದರೆ ಮೇಜಿನ ಹಿಂದೆ ಕೂರುವ ಹೆಣ್ಣುಮಗಳು? ಅವರ ಸಂಬಳ ರಾಜ್ಯದ್ದು. ಚಿಕ್ಕ ಠಾಣೆಯಲ್ಲಿ ಮಹಿಳಾ ಸಿಬ್ಬಂದಿ ಇಬ್ಬರೇ ಇದ್ದು, ಒಬ್ಬರು ಕೋರ್ಟ್ ಡ್ಯೂಟಿಗೆ, ಇನ್ನೊಬ್ಬರು ಜಾತ್ರೆಯ ಬಂದೋಬಸ್ತಿಗೆ ಹೋದರೆ ಮೇಜು ಸುಮ್ಮನೆ ಇರುತ್ತದೆ. ಧೂಳು ಒರೆಸುವವರೂ ಇರುವುದಿಲ್ಲ.

ನಮ್ಮ ಕಡೆ ಬೀಗರು ಒಂದು ಹಸು ಉಡುಗೊರೆ ಕೊಟ್ಟರೆ ಮನೆಯ ಯಜಮಾನಿ ಮೊದಲು ಕೇಳುವುದು ಹಾಲೆಷ್ಟು ಎಂದಲ್ಲ, ಮೇವೆಲ್ಲಿಂದ ಎಂದು. ಬರದ ಸೀಮೆಯವರ ಬುದ್ಧಿ ಇದು. ಅನುದಾನವೂ ಹೀಗೇ. ಗಸ್ತು ವಾಹನ ಒಂದು ಸಲ ಬರುತ್ತದೆ. ಡೀಸೆಲ್ ದಿನಾ ಬೇಕು. ಮೂರು ಪಾಳಿಗೆ ಚಾಲಕರು ಬೇಕು. ನಾಲ್ಕು ವರ್ಷಕ್ಕೆ ಟೈರು, ಎಂಜಿನ್ ಕೆಲಸ. ಕಂಪ್ಯೂಟರಿಗೆ ಆರು ವರ್ಷದ ಆಯುಸ್ಸು. ಈ ಮುಂದಿನ ಖರ್ಚು ಯಾವ ಉದ್ಘಾಟನೆಯ ಫಲಕದಲ್ಲೂ ಇರುವುದಿಲ್ಲ. ಸಿಬ್ಬಂದಿ ತರಬೇತಿಯ ಹೊಣೆಯೂ ಇದರಲ್ಲಿ ಬರುತ್ತದೆ. ಹಿರಿಯೂರು ತಾಲ್ಲೂಕಿನ ಐಮಂಗಲದಲ್ಲೇ ಪೊಲೀಸ್ ತರಬೇತಿ ಶಾಲೆ ಇದೆ. ಅಲ್ಲಿ ಕಲಿತು ಹೊರಬರುವ ಹುಡುಗ ಹುಡುಗಿಯರೇ ಈ ಎಲ್ಲ ಯಂತ್ರಗಳಿಗೆ ಜೀವ ತುಂಬಬೇಕಾದವರು. ಅವರನ್ನು ನೇಮಿಸಿಕೊಳ್ಳುವ ಖರ್ಚು ನೂರಕ್ಕೆ ನೂರು ನಮ್ಮ ರಾಜ್ಯದ್ದು.

ವಸ್ತು ಒಂದು ಸಲ ಬರುತ್ತದೆ, ಅದನ್ನು ನಡೆಸುವ ಖರ್ಚು ಪ್ರತಿ ವರ್ಷ ಬರುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ಠಾಣೆಯಿಂದ ಕೋರ್ಟಿಗೆ ಬನ್ನಿ. ಅನುದಾನ ನಿಂತರೆ ಏನಾಗುತ್ತದೆ ಎಂಬುದಕ್ಕೆ ಅಲ್ಲಿ ಒಂದು ಕಥೆಯಿದೆ.

2000ದಲ್ಲಿ 11ನೇ ಹಣಕಾಸು ಆಯೋಗ ದೇಶಕ್ಕೆ 1,700ಕ್ಕೂ ಹೆಚ್ಚು ತ್ವರಿತ ನ್ಯಾಯಾಲಯಗಳನ್ನು ಕೊಟ್ಟಿತು. ಜನ ಅವನ್ನು ಫಾಸ್ಟ್ ಟ್ರ್ಯಾಕ್ ಕೋರ್ಟು ಎಂದೇ ಕರೆದರು. ಸರಾಸರಿ ಜಿಲ್ಲೆಗೆ ಐದು ಎಂಬ ಲೆಕ್ಕ. ಐದು ವರ್ಷಕ್ಕೆ ಸುಮಾರು 500 ಕೋಟಿ. ಸೆಷನ್ಸ್ ಕೋರ್ಟಿನಲ್ಲಿ ವರ್ಷಗಟ್ಟಲೆ ಕೂತಿದ್ದ ಕೇಸುಗಳನ್ನು, ಅದರಲ್ಲೂ ಜೈಲಿನಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನರ ಕೇಸುಗಳನ್ನು ಮುಗಿಸುವುದು ಉದ್ದೇಶ. ನ್ಯಾಯಾಧೀಶರನ್ನು ಹಂಗಾಮಿಯಾಗಿ ತೆಗೆದುಕೊಂಡರು. ಕೆಲವರು ನಿವೃತ್ತರು, ಕೆಲವರು ಬಡ್ತಿ ಪಡೆದವರು, ಕೆಲವರು ವಕೀಲಿ ಬಿಟ್ಟು ಬಂದವರು.

ಕೆಲಸ ನಡೆಯಿತು. ಲಕ್ಷಗಟ್ಟಲೆ ಕೇಸು ಮುಗಿದವು. 2005ಕ್ಕೆ ಅವಧಿ ಮುಗಿಯಬೇಕಿತ್ತು. ಸುಪ್ರೀಂ ಕೋರ್ಟಿನಲ್ಲಿ ಮೊಕದ್ದಮೆ ಇತ್ತು, ಅವಧಿ ಮುಂದಕ್ಕೆ ಹೋಯಿತು. ಕೊನೆಗೆ 2011ರ ಮಾರ್ಚ್ 31ಕ್ಕೆ ಕೇಂದ್ರ ತನ್ನ ಪಾಲು ನಿಲ್ಲಿಸಿತು. ಬೇಕಾದರೆ ನೀವೇ ನಡೆಸಿಕೊಳ್ಳಿ ಎಂದು ರಾಜ್ಯಗಳಿಗೆ ಹೇಳಿತು. ಹನ್ನೊಂದು ವರ್ಷ ನಡೆದ ಕೋರ್ಟು ಅದು. ಅರ್ಧ ಸಾಕ್ಷಿ ಆದ ಕೇಸುಗಳಿದ್ದವು. ವಕೀಲಿ ಬಿಟ್ಟು ಬಂದ ನ್ಯಾಯಾಧೀಶರಿಗೆ ಹಿಂದಿನ ಕಕ್ಷಿದಾರರೂ ಇಲ್ಲ, ಮುಂದಿನ ನೌಕರಿಯೂ ಇಲ್ಲ. ಕೆಲವು ರಾಜ್ಯಗಳು ಮುಂದುವರಿಸಿದವು, ಕೆಲವು ಮುಚ್ಚಿದವು. 2012ರಲ್ಲಿ ಬ್ರಿಜ್ ಮೋಹನ್ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಹಣವಿಲ್ಲ ಎಂಬ ಕಾರಣಕ್ಕೆ ನ್ಯಾಯದಾನವನ್ನು ಹೀಗೆ ಕೈಬಿಡಲಾಗದು ಎಂಬುದು ಅದರ ಧಾಟಿ. ಹಂಗಾಮಿ ನ್ಯಾಯಾಧೀಶರಲ್ಲಿ ಅರ್ಹರನ್ನು ಪರೀಕ್ಷೆಯ ಮೂಲಕ ಖಾಯಂ ಸೇವೆಗೆ ಪರಿಗಣಿಸಲು ಸೂಚಿಸಿತು.

ಇದರ ತಮಾಷೆ ಏನು ಗೊತ್ತೆ? ಒಂದು ಕಡೆ ನಡೆಯುವ ಕೋರ್ಟಿಗೆ ಹಣ ನಿಂತ ಹೊತ್ತಿನಲ್ಲೇ ಇನ್ನೊಂದು ಕಡೆ ಹಣ ಇತ್ತು, ಖರ್ಚಾಗುತ್ತಿರಲಿಲ್ಲ. 13ನೇ ಹಣಕಾಸು ಆಯೋಗ 2010ರಿಂದ ಐದು ವರ್ಷಕ್ಕೆ ನ್ಯಾಯಾಂಗಕ್ಕೆಂದು 5,000 ಕೋಟಿ ಇಟ್ಟಿತ್ತು. ಬೆಳಗಿನ ಕೋರ್ಟು, ಸಂಜೆ ಕೋರ್ಟು, ಲೋಕ ಅದಾಲತ್, ಕೋರ್ಟ್ ಮ್ಯಾನೇಜರ್ ಹೀಗೆ ಪ್ರತಿಯೊಂದಕ್ಕೂ ಇಷ್ಟಿಷ್ಟು ಎಂದು ಮೊದಲೇ ಭಾಗ ಮಾಡಿತ್ತು. ಸಂಜೆ ಕೋರ್ಟಿಗೆ ವಕೀಲರು ಒಪ್ಪಲಿಲ್ಲ. ಹಗಲೆಲ್ಲ ಕೆಲಸ ಮಾಡಿದ ಸಿಬ್ಬಂದಿ ಸಂಜೆಯೂ ಕೂರಬೇಕೆ ಎಂಬ ಪ್ರಶ್ನೆ ಬಂತು. ಕೊನೆಗೆ ಖರ್ಚಾದದ್ದು ಸುಮಾರು ಐದನೇ ಒಂದು ಪಾಲು. ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ. ದೂರದಲ್ಲಿ ಕೂತು ಭಾಗ ಮಾಡಿದರೆ ಹೀಗಾಗುತ್ತದೆ.

ಈಗ ಮತ್ತೆ ತ್ವರಿತ ಕೋರ್ಟುಗಳು ಬಂದಿವೆ. 2019ರಿಂದ. ಈ ಸಲ ಅತ್ಯಾಚಾರದ ಪ್ರಕರಣಗಳಿಗೆ ಮತ್ತು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಪೋಕ್ಸೋ ಪ್ರಕರಣಗಳಿಗೆ. ದೇಶಕ್ಕೆ ಒಟ್ಟು ಸಾವಿರದಷ್ಟು ಕೋರ್ಟುಗಳ ಯೋಜನೆ. ಒಬ್ಬ ನ್ಯಾಯಾಧೀಶರು, ಏಳು ಸಿಬ್ಬಂದಿ. ಕೋರ್ಟೊಂದಕ್ಕೆ ವರ್ಷಕ್ಕೆ 75 ಲಕ್ಷ. ಅದೇ 60, ಅದೇ 40. ಮೊದಲು ಒಂದು ವರ್ಷಕ್ಕೆಂದು ಶುರುವಾದದ್ದು ಮತ್ತೆ ಮತ್ತೆ ವಿಸ್ತರಣೆಯಾಗಿದೆ. ಹೊಸದುರ್ಗದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು, ಹೊಳಲ್ಕೆರೆ ಮೇಲಿನ ಬಸ್ಸು ಹಿಡಿದು, ಚಿತ್ರದುರ್ಗದ ಕೋರ್ಟಿಗೆ ಸಾಕ್ಷಿ ಹೇಳಲು ಬರುತ್ತಾಳೆ ಅಂದುಕೊಳ್ಳಿ. ವಾಯಿದೆ ಮೇಲೆ ವಾಯಿದೆ ಆಗದಂತೆ ನೋಡಿಕೊಳ್ಳುವುದಕ್ಕೇ ಈ ಕೋರ್ಟು. ಅದರ ಬಾಡಿಗೆ ಆಯುಸ್ಸು ಅವಳಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಅದನ್ನು ಖಾಯಂ ಮಾಡುವುದು ಎರಡು ಸರ್ಕಾರಗಳ ಕೆಲಸ. ಇಪ್ಪತ್ತು ವರ್ಷದ ಅನುಭವ ಇದ್ದೂ ಮಾಡಲಿಲ್ಲ ಎಂಬುದು ನನ್ನ ಸಿಟ್ಟು.

ಠಾಣೆ ನೋಡಿದೆವು, ಕೋರ್ಟು ನೋಡಿದೆವು. ಎರಡರಲ್ಲೂ ಹಣ ಹೋಗುವುದು ಸರ್ಕಾರದ ವ್ಯವಸ್ಥೆಗೆ. ಈಗ ಬೇರೆ ಬಗೆಯ ಅನುದಾನ. ಅದು ನೇರವಾಗಿ ಜನರ ಕೈಗೆ ಬರುವಂಥದ್ದು. ನಮ್ಮ ಜಿಲ್ಲೆಗೆ ಇದು ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ಗಮನವಿಟ್ಟು ಕೇಳಿ.

2011ರ ಜನಗಣತಿಯ ಪ್ರಕಾರ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 40 ಮಂದಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಕ್ಕೆ ಸೇರಿದವರು. 1989ರ ದೌರ್ಜನ್ಯ ತಡೆ ಕಾಯ್ದೆ ಇರುವುದು ಇವರ ರಕ್ಷಣೆಗೆ. ಆ ಕಾಯ್ದೆ ಜಾರಿಗೆ ಆಗುವ ಖರ್ಚಿನಲ್ಲಿ ಕೇಂದ್ರ ಅರ್ಧ ಕೊಡುತ್ತದೆ, ರಾಜ್ಯ ಅರ್ಧ. ವಿಶೇಷ ಕೋರ್ಟು, ವಿಶೇಷ ಪೊಲೀಸ್ ಘಟಕ, ಜಾಗೃತಿ ಎಲ್ಲ ಇದರಲ್ಲಿದೆ. ಬಹಳ ಮುಖ್ಯವಾದದ್ದು ನೊಂದವರಿಗೆ ಕೊಡುವ ಪರಿಹಾರ. 2016ರ ನಿಯಮದಂತೆ ಇದು ಅಪರಾಧ ನೋಡಿ 85 ಸಾವಿರದಿಂದ ಎಂಟೂಕಾಲು ಲಕ್ಷದವರೆಗೆ ಇದೆ.

ಈ ಹಣ ಶಿಕ್ಷೆ ಆಗುವವರೆಗೆ ಕಾಯುವುದಿಲ್ಲ. ಇದು ಅನೇಕರಿಗೆ ಗೊತ್ತಿಲ್ಲ. ಬಹಳಷ್ಟು ಪ್ರಕರಣಗಳಲ್ಲಿ ಎಫ್‌ಐಆರ್ ಆದಾಗ ಕಾಲು ಭಾಗ. ಚಾರ್ಜ್‌ಶೀಟು ಕೋರ್ಟಿಗೆ ಹೋದಾಗ ಅರ್ಧ. ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯಾದಾಗ ಉಳಿದ ಕಾಲು. ಕೊಲೆಯಾದರೆ ಮರಣೋತ್ತರ ಪರೀಕ್ಷೆ ಮುಗಿದ ಮೇಲೆ ಅರ್ಧ, ಚಾರ್ಜ್‌ಶೀಟಿನ ಹೊತ್ತಿಗೆ ಇನ್ನರ್ಧ. ಅವಲಂಬಿತರಿಗೆ ತಿಂಗಳ ಪಿಂಚಣಿ ಬೇರೆ ಇದೆ. ಪರಿಹಾರದ ಏರ್ಪಾಡು ಏಳು ದಿನದಲ್ಲಿ ಆಗಬೇಕು. 60 ದಿನದೊಳಗೆ ತನಿಖೆ ಮುಗಿದು ಚಾರ್ಜ್‌ಶೀಟು ಹೋಗಬೇಕು.

ಇನ್ನೊಂದು ನಿಯಮ ಇದೆ. ನೊಂದವರು, ಅವರ ಅವಲಂಬಿತರು, ಸಾಕ್ಷಿಗಳು, ಇವರು ತನಿಖೆಗೋ ವಿಚಾರಣೆಗೋ ಬಂದರೆ ಬಸ್ ಚಾರ್ಜು ಕೊಡಬೇಕು. ಆ ದಿನದ ಕೂಲಿ ಕೊಡಬೇಕು. ಊಟದ ಖರ್ಚು ಕೊಡಬೇಕು. ಕೂಡಲೇ, ಇಲ್ಲವೆ ಮೂರು ದಿನದೊಳಗೆ. ಒಂದು ದಿನದ ಕೂಲಿ ಹೋದರೆ ಒಲೆ ಹತ್ತದ ಮನೆಯಿಂದ ಸಾಕ್ಷಿ ಬರಬೇಕು. ಅವನು ನಾಲ್ಕು ವಾಯಿದೆಗೆ ಬಂದು ಐದನೆಯದಕ್ಕೆ ಬರುವುದಿಲ್ಲ. ಆರೋಪಿಗೆ ಅಷ್ಟು ಸಾಕು. ಕೇಸು ಬಿದ್ದುಹೋಗುತ್ತದೆ. ಕೋಟಿಗಟ್ಟಲೆಯ ಯೋಜನೆಗಳ ನಡುವೆ ಈ ಬಸ್ ಚಾರ್ಜಿನಷ್ಟು ಕೆಲಸ ಮಾಡುವ ಅನುದಾನ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

ಇದನ್ನು ನೋಡಿಕೊಳ್ಳಲು ಜಿಲ್ಲೆಯಲ್ಲಿ ಒಂದು ಸಮಿತಿ ಇದೆ. ಡಿಸಿಯವರು ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ಸಭೆ ಸೇರಬೇಕು. ಪರಿಹಾರ ತಡವಾಗಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಕಚೇರಿಯಲ್ಲಿ ಕೇಳಿ, ಇಲ್ಲವೆ 14566ಕ್ಕೆ ಕರೆ ಮಾಡಿ. ಅದು ಈ ಕಾಯ್ದೆಗೆಂದೇ ಇರುವ ಸಹಾಯವಾಣಿ. ಶುಲ್ಕವಿಲ್ಲ.

ಜನರ ಕೈಗೆ ಬರಬೇಕಾದ ಇನ್ನೊಂದು ಹಣವನ್ನೂ ಹೇಳಿಬಿಡುತ್ತೇನೆ. ಜಾಮೀನು ಸಿಕ್ಕಿದೆ, ಕಟ್ಟಲು ದುಡ್ಡಿಲ್ಲ, ಆದ್ದರಿಂದ ಒಳಗೇ ಇದ್ದಾರೆ. ಇಂಥ ಬಡ ಕೈದಿಗಳು ಎಲ್ಲ ಜೈಲಿನಲ್ಲೂ ಸಿಗುತ್ತಾರೆ. 2023ರಿಂದ ಕೇಂದ್ರ ಇವರಿಗೆಂದು ವರ್ಷಕ್ಕೆ 20 ಕೋಟಿ ಇಟ್ಟಿದೆ. 2023ರಲ್ಲಿ ಇಟ್ಟ ಮಿತಿ ವಿಚಾರಣಾಧೀನ ಕೈದಿಗೆ ಜಾಮೀನಿಗೆಂದು 40 ಸಾವಿರದವರೆಗೆ, ದಂಡ ಕಟ್ಟಲಾಗದೆ ಉಳಿದವರಿಗೆ 25 ಸಾವಿರದವರೆಗೆ. ಖರ್ಚಾದದ್ದು ಮಾತ್ರ ಬಹಳ ಸಣ್ಣ ಪಾಲು. ಕೈದಿಯ ಮನೆಯವರಿಗೆ ಇದು ಗೊತ್ತೇ ಇಲ್ಲ. ನಿಮ್ಮ ಊರಿನವರು ಯಾರಾದರೂ ಹೀಗೆ ಸಿಕ್ಕಿಕೊಂಡಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಿ. ಚಿತ್ರದುರ್ಗದ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ತೋರಿಸುತ್ತಾರೆ. ತಾಲ್ಲೂಕಿನಲ್ಲೂ ಅದರ ಸಮಿತಿಗಳಿವೆ. ದೂರವಾಣಿ 15100. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿ ಇರುವವರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.

ಜನರ ಕೈಗೆ ಬರುವ ಹಣ ಇದೆ, ಕೇಳಿ ಪಡೆಯಬೇಕು. ಇಷ್ಟಾಯಿತು. ಇನ್ನು ಮುಂದೆ ಬರಲಿರುವ ಒಂದು ದೊಡ್ಡ ಖರ್ಚು.

2024ರ ಜುಲೈ 1ರಿಂದ ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಿವೆ. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ತೆಗೆಯಬೇಕು. ಇದನ್ನು ಪೂರ್ತಿ ಜಾರಿ ಮಾಡಲು ರಾಜ್ಯಗಳಿಗೆ ಐದು ವರ್ಷ ಸಮಯವಿದೆ. ಮನೆ ಶೋಧನೆ ಮಾಡಿದರೆ ವಿಡಿಯೊ ಮಾಡಲೇಬೇಕು. ಕಾನೂನು ಮಾಡಿದ್ದು ದೆಹಲಿ. ಮಾಡಿ ತೋರಿಸಬೇಕಾದವರು ಅಬ್ಬಿನಹೊಳೆಯ, ತುರುವನೂರಿನ, ಭರಮಸಾಗರದ ಠಾಣೆಯವರು. ನಮಗೆ ಹತ್ತಿರದ ಪ್ರಯೋಗಾಲಯ ದಾವಣಗೆರೆಯಲ್ಲಿದೆ. ಹೊಸದುರ್ಗದ ತೋಟದ ಮನೆಯಲ್ಲಿ ರಾತ್ರಿ ಕೊಲೆಯಾದರೆ ತಜ್ಞರು ಬರುವವರೆಗೆ ಸ್ಥಳ ಕಾಯಬೇಕು. ಕರ್ನಾಟಕ ಇದಕ್ಕೆಂದೇ ಸುಮಾರು ಇನ್ನೂರು ಮಂದಿ ಅಪರಾಧ ಸ್ಥಳ ಪರಿಶೀಲನಾ ಅಧಿಕಾರಿಗಳನ್ನು ತೆಗೆದುಕೊಂಡದ್ದು ಒಳ್ಳೆಯ ಕೆಲಸ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣವೂ ಬಂದಿದೆ. ಕೇಂದ್ರ ದೇಶಕ್ಕೆಲ್ಲ ಹೊಸ ಪ್ರಯೋಗಾಲಯಗಳಿಗೆ, ವಿಶ್ವವಿದ್ಯಾಲಯದ ಆವರಣಗಳಿಗೆ ಐದು ವರ್ಷಕ್ಕೆ ಸುಮಾರು 2,250 ಕೋಟಿ ಇಟ್ಟಿದೆ. ಇದರಲ್ಲೂ ಕಟ್ಟಡ ಇದೆ, ಯಂತ್ರ ಇದೆ. ಠಾಣೆಗೆ ಒಬ್ಬ ಹೆಚ್ಚಿನ ಕಾನ್‌ಸ್ಟೇಬಲ್ ಇಲ್ಲ.

ಇಂಡಿಯಾ ಜಸ್ಟಿಸ್ ರಿಪೋರ್ಟ್ ಎಂಬ ವರದಿ 2022ರಲ್ಲೂ 2025ರಲ್ಲೂ ದೊಡ್ಡ ರಾಜ್ಯಗಳ ಪೈಕಿ ಕರ್ನಾಟಕಕ್ಕೆ ಮೊದಲ ಸ್ಥಾನ ಕೊಟ್ಟಿತು. ಪೊಲೀಸ್, ನ್ಯಾಯಾಂಗ, ಜೈಲು, ಕಾನೂನು ನೆರವು ಎಲ್ಲ ಸೇರಿಸಿ. ಹೆಮ್ಮೆ ಪಡೋಣ. ಆದರೆ ರಾಜ್ಯದ ಸರಾಸರಿ ಎಂದರೆ ಅದರಲ್ಲಿ ಬೆಂಗಳೂರೂ ಇರುತ್ತದೆ. ನಿರ್ಭಯಾ ನಿಧಿಯ ಸುರಕ್ಷಿತ ನಗರ ಯೋಜನೆಯಲ್ಲಿ ಬೆಂಗಳೂರಿಗೆ 600 ಕೋಟಿಗೂ ಹೆಚ್ಚು ಮಂಜೂರಾಯಿತು, ಕ್ಯಾಮೆರಾ ಬಂದವು. ಚಿತ್ರದುರ್ಗ ಆ ಯೋಜನೆಯ ಎಂಟು ನಗರಗಳ ಪಟ್ಟಿಯಲ್ಲಿ ಇರಲಿಲ್ಲ, ಇರುವ ಹಾಗೂ ಇಲ್ಲ. ಆದ್ದರಿಂದ ನಮ್ಮ ಠಾಣೆಯ ಲೆಕ್ಕ ನಾವೇ ಕೇಳಿ ತಿಳಿಯಬೇಕು.

ಕೇಳಲು ಒಂದು ದಾರಿ ಮಾಹಿತಿ ಹಕ್ಕು. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ವಿಚಿತ್ರ ನಿಯಮವಿದೆ: ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ದಾಟಬಾರದು. ನಮ್ಮ ಕೆಲಸಕ್ಕೆ ಅಷ್ಟು ಸಾಕು. ಜಿಲ್ಲಾ ಪೊಲೀಸ್ ಕಚೇರಿಯ ಮಾಹಿತಿ ಅಧಿಕಾರಿಗೆ ಹೀಗೆ ಬರೆಯಿರಿ. ನಮ್ಮ ಠಾಣೆಗೆ ಕಳೆದ ಐದು ವರ್ಷದಲ್ಲಿ ಕೇಂದ್ರದ ನೆರವಿನ ಯೋಜನೆಗಳಿಂದ ಯಾವ ಯಾವ ವಸ್ತು, ವಾಹನ ಬಂದಿವೆ? ಅವುಗಳಲ್ಲಿ ಈಗ ಕೆಲಸ ಮಾಡುತ್ತಿರುವುದು ಯಾವುವು? ಅವುಗಳ ಡೀಸೆಲ್ಲಿಗೆ, ರಿಪೇರಿಗೆ ಪ್ರತಿ ವರ್ಷ ಎಷ್ಟು ಹಣ ಬಂತು, ಎಷ್ಟು ಖರ್ಚಾಯಿತು? ಮಹಿಳಾ ಸಹಾಯ ಮೇಜಿಗೆ ಎಷ್ಟು ಸಿಬ್ಬಂದಿ ಮಂಜೂರಾಗಿದ್ದಾರೆ, ಎಷ್ಟು ಮಂದಿ ಕೆಲಸದಲ್ಲಿದ್ದಾರೆ? ದಾಖಲೆಗಳ ನಕಲು ಕೊಡಿ.

ಎಣಿಸಿ ನೋಡಿ, ನೂರು ಪದವೂ ಆಗುವುದಿಲ್ಲ. ಉತ್ತರಕ್ಕೆ 30 ದಿನ ಸಮಯ. ಬರದಿದ್ದರೆ ಅದೇ ಇಲಾಖೆಯ ಮೇಲಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಬಂದರೆ ಅದನ್ನು ನಿಮ್ಮ ಶಾಸಕರ ಮುಂದೆ ಇಡಿ. ರಾಜ್ಯದ 40 ರೂಪಾಯಿಯನ್ನೂ ಮುಂದಿನ ವರ್ಷದ ಡೀಸೆಲ್ಲನ್ನೂ ಬಜೆಟ್ಟಿಗೆ ಹಾಕಿಸುವುದು ಅವರ ಕೈಯಲ್ಲಿದೆ.